ಅಮೆರಿಕದ ರಾಜ್ಯಗಳಲ್ಲಿ ಲಿಂಗತ್ವ ಗುರುತಿನ ಮಸೂದೆಗಳು: ಜನರಿಂದ ಎದ್ದವೋ, ಜನರ ಕೈಗೆ ಬಂದವೋ?

ಪ್ರಶ್ನೆ: ಶಾಲ್ಮಲಾ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ರಾಜ್ಯದಲ್ಲಿ ಹದಿನಾಲ್ಕು ವರ್ಷಗಳಿಂದ ನೆಲೆಸಿದ್ದೇನೆ. ಮತದಾನದ ಹಕ್ಕು ದೊರೆತು ಎರಡು ವರ್ಷಗಳಾದವು. ಕಳೆದ ವಾರ ಪಕ್ಕದ ಮನೆಯವರೊಬ್ಬರು ಬಂದು ನನ್ನ ಕೈಗೆ ಒಂದು ಹಾಳೆಯನ್ನು ಕೊಟ್ಟರು. ರಾಜ್ಯದ ಶಾಸನಸಭೆಯ ಮುಂದಿರುವ ಒಂದು ಮಸೂದೆಯ ಸಂಖ್ಯೆ, ಅದನ್ನು ಪರಿಶೀಲಿಸಲಿರುವ ಸಮಿತಿಯ ಸದಸ್ಯರ ಹೆಸರುಗಳು, ಅವರ ಕಚೇರಿಗಳ ದೂರವಾಣಿ ಸಂಖ್ಯೆಗಳು ಮತ್ತು ಕರೆ ಮಾಡಿದಾಗ ಹೇಳಬೇಕಾದ ನಾಲ್ಕು ವಾಕ್ಯಗಳು ಅದರಲ್ಲಿದ್ದವು. ರಾಜ್ಯದ ಎಲ್ಲ ಕಾನೂನುಗಳಲ್ಲಿ ಬರುವ ‘ಹೆಣ್ಣು’, ‘ಗಂಡು’ ಎಂಬ ಪದಗಳಿಗೆ ಹುಟ್ಟಿನ ಸಮಯದ ದೇಹರಚನೆಯೊಂದನ್ನೇ ಆಧಾರವಾಗಿಟ್ಟುಕೊಂಡು ಅರ್ಥ ನಿಗದಿಪಡಿಸುವುದು ಆ ಮಸೂದೆಯ ಉದ್ದೇಶ. ಇದೇ ತಿಂಗಳು ನಡೆಯುವ ಅಹವಾಲು ಸಭೆಗೆ ತಮ್ಮ ಜೊತೆ ರಾಜಧಾನಿಗೆ ಬರಬೇಕೆಂದು ಅವರು ಕೇಳಿಕೊಂಡಿದ್ದಾರೆ.

ಅವರನ್ನು ನಾನು ಹತ್ತು ವರ್ಷಗಳಿಂದ ಬಲ್ಲೆ. ನನ್ನ ಎರಡನೆಯ ಹೆರಿಗೆಯ ಸಮಯದಲ್ಲಿ ಹಿರಿಯ ಮಗಳನ್ನು ಮೂರು ದಿನ ನೋಡಿಕೊಂಡವರು ಅವರೇ. ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸುವ ಸ್ವಭಾವ ಅವರದಲ್ಲ. ಅವರ ಆತಂಕ ನಿಜವಾದದ್ದು. ಆದರೆ ಆ ರಾತ್ರಿ ಮಸೂದೆಯನ್ನು ಪೂರ್ತಿ ಓದಿ, 2023ರಲ್ಲಿ ಕ್ಯಾನ್ಸಸ್ ರಾಜ್ಯ ಅಂಗೀಕರಿಸಿದ ಕಾನೂನಿನ ಪಕ್ಕದಲ್ಲಿ ಇಟ್ಟು ನೋಡಿದಾಗ ಹಲವು ಸಾಲುಗಳು ಪದಕ್ಕೆ ಪದ ಒಂದೇ ಆಗಿರುವುದು ಕಂಡಿತು. ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಇದನ್ನು ತಳಮಟ್ಟದ ಚಳವಳಿ ಎನ್ನಬಹುದೇ? ಇಷ್ಟೊಂದು ರಾಜ್ಯಗಳಲ್ಲಿ, ಇಷ್ಟು ಕಡಿಮೆ ವರ್ಷಗಳಲ್ಲಿ, ಒಂದೇ ಬಗೆಯ ಕಾನೂನುಗಳು ಬಂದದ್ದು ಹೇಗೆ? ಎರಡೂ ಪಕ್ಷದವರ ಘೋಷಣೆಗಳನ್ನು ಸಾಕಷ್ಟು ಕೇಳಿದ್ದೇನೆ. ಬಲ್ಲವರು ಕೆಲಸ ನಡೆಯುವ ರೀತಿಯನ್ನು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಹಳೆಯ ಕಡತ

ಶಾಲ್ಮಲಾ ಅವರೇ, ತಮ್ಮ ಕೈಗೆ ಬಂದ ಹಾಳೆಗೆ ಐವತ್ತು ವರ್ಷಗಳ ವಂಶಾವಳಿಯಿದೆ. 1972ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತು ಸ್ತ್ರೀಪುರುಷರ ಸಮಾನ ಹಕ್ಕುಗಳ ಸಂವಿಧಾನ ತಿದ್ದುಪಡಿಯನ್ನು ಭಾರೀ ಬಹುಮತದಿಂದ ಅಂಗೀಕರಿಸಿ ರಾಜ್ಯಗಳ ಒಪ್ಪಿಗೆಗೆ ಕಳುಹಿಸಿತು. 50 ರಾಜ್ಯಗಳಲ್ಲಿ 38 ಒಪ್ಪಬೇಕಾಗಿತ್ತು, ಮತ್ತು ಮೊದಲ ವರ್ಷದ ವೇಗವನ್ನು ನೋಡಿದವರಿಗೆ ಅದು ಮುಗಿದ ಕೆಲಸವೆಂದೇ ತೋರಿತ್ತು. ಅಷ್ಟರಲ್ಲಿ ಇಲಿನಾಯ್ ರಾಜ್ಯದ ಫಿಲಿಸ್ ಶ್ಲಾಫ್ಲಿ ಎಂಬುವರು ತಮ್ಮ ಮಾಸಿಕ ಸುದ್ದಿಪತ್ರದ ಓದುಗರನ್ನೇ ಸೇನೆಯಾಗಿಸಿ ವಿರೋಧ ಕಟ್ಟಿದರು. ಆ ಓದುಗರಲ್ಲಿ ಹೆಚ್ಚಿನವರು ಗೃಹಿಣಿಯರು ಮತ್ತು ಚರ್ಚ್‌ಗಳ ಮಹಿಳಾ ಮಂಡಳಿಯವರು. ಅವರು ಮನೆಯಲ್ಲಿ ಬೇಯಿಸಿದ ಬ್ರೆಡ್ಡನ್ನು ಶಾಸಕರ ಮೇಜಿನ ಮೇಲೆ ಇಟ್ಟು ಮತ ಕೇಳಿದ್ದು ಇಂದಿಗೂ ನೆನಪಿನಲ್ಲಿರುವ ದೃಶ್ಯ. ತಿದ್ದುಪಡಿ ಬಂದರೆ ಗಂಡಸರಿಗೂ ಹೆಂಗಸರಿಗೂ ಒಂದೇ ಶೌಚಾಲಯವಾಗುತ್ತದೆ ಎಂಬುದು ಅಂದಿನ ಪ್ರಚಾರದ ಮಾತುಗಳಲ್ಲಿ ಒಂದಾಗಿತ್ತು. ಗಡುವನ್ನು 1982ರವರೆಗೆ ವಿಸ್ತರಿಸಿದರೂ ಒಪ್ಪಿದ ರಾಜ್ಯಗಳ ಸಂಖ್ಯೆ 35ರಲ್ಲಿಯೇ ನಿಂತಿತು.

ವಾಷಿಂಗ್ಟನ್‌ನಲ್ಲಿ ಸೋತ ವಿಷಯವನ್ನು ರಾಜ್ಯಗಳ ರಾಜಧಾನಿಗಳಲ್ಲಿ ಗೆಲ್ಲಬಹುದೆಂಬ ಪಾಠವನ್ನು ಅಮೆರಿಕದ ಸಂಪ್ರದಾಯವಾದಿ ಚಳವಳಿ ಕಲಿತದ್ದು ಆಗಲೇ ಎಂದು ನನ್ನ ಅಭಿಪ್ರಾಯ. 2015ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ವಿವಾಹವನ್ನು ದೇಶದಾದ್ಯಂತ ಮಾನ್ಯ ಮಾಡಿದಾಗ ಆ ಪಾಠ ಮತ್ತೆ ನೆನಪಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಹ್ಯೂಸ್ಟನ್ ನಗರದ ಮತದಾರರು ತಾರತಮ್ಯ ನಿಷೇಧಿಸುವ ನಗರ ನಿಯಮವೊಂದನ್ನು ಶೇ 61ರಷ್ಟು ಮತಗಳಿಂದ ತಿರಸ್ಕರಿಸಿದರು. ಆ ನಿಯಮ ಲಿಂಗತ್ವ ಗುರುತು (ತಾನು ಯಾವ ಲಿಂಗದವರೆಂದು ವ್ಯಕ್ತಿ ಸ್ವತಃ ಕಂಡುಕೊಂಡದ್ದು) ಸೇರಿದಂತೆ ಹದಿನೈದು ಬಗೆಯ ತಾರತಮ್ಯಗಳ ವಿರುದ್ಧ ರಕ್ಷಣೆ ನೀಡುತ್ತಿದ್ದರೂ ಪ್ರಚಾರವೆಲ್ಲ ಮಹಿಳೆಯರ ಶೌಚಾಲಯದ ಒಂದೇ ಮಾತಿನ ಸುತ್ತ ನಡೆಯಿತು. ಮುಂದಿನ ಫೆಬ್ರುವರಿಯಲ್ಲಿ ಉತ್ತರ ಕೆರೊಲಿನಾದ ಷಾರ್ಲೆಟ್ ನಗರಸಭೆ ಅಂತಹದೇ ನಿಯಮವನ್ನು ಮಾಡಿದಾಗ ರಾಜ್ಯದ ಶಾಸನಸಭೆ ಮಾರ್ಚ್ 23ರಂದು ವಿಶೇಷ ಅಧಿವೇಶನ ಕರೆಯಿತು. ಆ ಒಂದೇ ದಿನದಲ್ಲಿ ‘ಎಚ್‌ಬಿ 2’ ಎಂಬ, ನಗರದ ಆ ನಿಯಮವನ್ನು ರದ್ದುಪಡಿಸಿ ಸರ್ಕಾರಿ ಕಟ್ಟಡಗಳಲ್ಲಿ ಜನನ ಪ್ರಮಾಣಪತ್ರದ ಲಿಂಗಕ್ಕೆ ತಕ್ಕ ಶೌಚಾಲಯವನ್ನೇ ಬಳಸಬೇಕೆನ್ನುವ ಮಸೂದೆ ಮಂಡನೆಯಾಗಿ, ಎರಡೂ ಸದನಗಳಲ್ಲಿ ಅಂಗೀಕಾರಗೊಂಡು, ರಾತ್ರಿ ಗವರ್ನರ್ ಪ್ಯಾಟ್ ಮೆಕ್ರೋರಿಯವರ ಸಹಿಯನ್ನೂ ಪಡೆಯಿತು.

ಅದರ ಫಲ ಕಹಿಯಾಯಿತು. ಪೇಪಾಲ್ ಕಂಪನಿ ಷಾರ್ಲೆಟ್‌ನಲ್ಲಿ 400 ಉದ್ಯೋಗಗಳ ಕೇಂದ್ರ ತೆರೆಯುವ ಯೋಜನೆಯನ್ನು ಕೈಬಿಟ್ಟಿತು, ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಸಂಸ್ಥೆ 2017ರ ಆಲ್‌ಸ್ಟಾರ್ ಪಂದ್ಯವನ್ನು ನ್ಯೂ ಆರ್ಲಿಯನ್ಸ್‌ಗೆ ಒಯ್ದಿತು, ಮತ್ತು ನವೆಂಬರ್‌ನ ಚುನಾವಣೆಯಲ್ಲಿ ಟ್ರಂಪ್ ಗೆದ್ದ ಅದೇ ರಾಜ್ಯದಲ್ಲಿ ಮೆಕ್ರೋರಿ ಸೋತರು. 2017ರ ಮಾರ್ಚ್ ಕೊನೆಯಲ್ಲಿ ಕಾನೂನಿನ ಮುಖ್ಯ ಭಾಗ ರದ್ದಾಯಿತು. ಟೆಕ್ಸಾಸ್‌ನಲ್ಲಿಯೂ ಅದೇ ವರ್ಷ ಇಂತಹ ಮಸೂದೆ ಸ್ಪೀಕರ್ ಜೋ ಸ್ಟ್ರಾಸ್ ಅವರ ವಿರೋಧದಿಂದ ಕೆಳಸದನವನ್ನು ದಾಟಲಿಲ್ಲ.

ಈ ಸೋಲಿನ ನಂತರ ಚಳವಳಿ ಹಿಂದೆ ಸರಿಯಲಿಲ್ಲ, ಹಾದಿಯನ್ನು ಬದಲಿಸಿತು. ವಯಸ್ಕರ ಶೌಚಾಲಯವನ್ನು ಬಿಟ್ಟು ಹೆಣ್ಣುಮಕ್ಕಳ ಕ್ರೀಡೆಯನ್ನೂ ಅಪ್ರಾಪ್ತರ ವೈದ್ಯಕೀಯ ಚಿಕಿತ್ಸೆಯನ್ನೂ ಎತ್ತಿಕೊಂಡಿತು. 2020ರ ಮಾರ್ಚ್‌ನಲ್ಲಿ ಐಡಹೊ ರಾಜ್ಯ, ಟ್ರಾನ್ಸ್‌ಜೆಂಡರ್ ಹುಡುಗಿಯರು (ಹುಟ್ಟಿದಾಗ ಗಂಡೆಂದು ಬರೆಸಿದ್ದರೂ ಹೆಣ್ಣೆಂದು ಗುರುತಿಸಿಕೊಳ್ಳುವವರು) ಹೆಣ್ಣುಮಕ್ಕಳ ತಂಡಗಳಲ್ಲಿ ಆಡದಂತೆ ತಡೆಯುವ ದೇಶದ ಮೊದಲ ಕಾನೂನು ಮಾಡಿತು. ಅದನ್ನು ಮಂಡಿಸಿದ ಬಾರ್ಬರಾ ಎಹಾರ್ಟ್ ಸ್ವತಃ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯೂ ತರಬೇತುದಾರರೂ ಆಗಿದ್ದವರು. 2021ರ ಏಪ್ರಿಲ್‌ನಲ್ಲಿ ಅರ್ಕನ್ಸಾ ರಾಜ್ಯ ಅಪ್ರಾಪ್ತರಿಗೆ ಹರೆಯ ತಡೆಯುವ ಔಷಧ ಮತ್ತು ಹಾರ್ಮೋನ್ ಚಿಕಿತ್ಸೆಯನ್ನು ನಿಷೇಧಿಸಿದ ಮೊದಲ ರಾಜ್ಯವಾಯಿತು. ವಿಷಯ ಮಕ್ಕಳ ಕಡೆಗೆ ತಿರುಗಿದ ಮೇಲೆ ದೊಡ್ಡ ಕಂಪನಿಗಳು ಮೊದಲಿನಂತೆ ಮುಂದೆ ಬರಲಿಲ್ಲ, ಬಹಿಷ್ಕಾರದ ಮಾತೂ ಕ್ಷೀಣಿಸಿತು. ‘ಅಮೆರಿಕನ್ ಪ್ರಿನ್ಸಿಪಲ್ಸ್ ಪ್ರಾಜೆಕ್ಟ್’ ಎಂಬ ಸಂಪ್ರದಾಯವಾದಿ ಸಂಸ್ಥೆಯ ಟೆರಿ ಷಿಲ್ಲಿಂಗ್ ಅವರು, ವಿವಾಹದ ಪ್ರಶ್ನೆಯಲ್ಲಿ ಸೋತ ನಂತರ ಅಭ್ಯರ್ಥಿಗಳು ಮುಜುಗರವಿಲ್ಲದೆ ಮಾತನಾಡಬಲ್ಲ ವಿಷಯವೊಂದನ್ನು ತಾವು ಹುಡುಕಿದೆವೆಂದು ಬಹಿರಂಗವಾಗಿಯೇ ಹೇಳಿದ್ದಾರೆ. ಇದನ್ನು ಗುಟ್ಟಾಗಿ ನಡೆದ ಪಿತೂರಿಯೆಂದು ಬಣ್ಣಿಸುವವರ ಮಾತನ್ನು ಆದ್ದರಿಂದ ನಾನು ಒಪ್ಪುವುದಿಲ್ಲ. ಎಲ್ಲವೂ ಬೆಳಕಿನಲ್ಲಿಯೇ ನಡೆಯಿತು.

ಉತ್ತರ 2: ಸಮಿತಿ ಕೊಠಡಿ

ಮೇಲಿನ ಉತ್ತರ ಇತಿಹಾಸವನ್ನು ಚೆನ್ನಾಗಿ ಹೇಳಿದೆ. ನಾನು ಒಂದು ರಾಜ್ಯದ ಶಾಸನಸಭೆಯಲ್ಲಿ, ಮಸೂದೆಗಳಿಂದ ಬೊಕ್ಕಸದ ಮೇಲೆ ಬೀಳುವ ಹೊರೆಯನ್ನು ಲೆಕ್ಕ ಹಾಕುವ ವಿಭಾಗದಲ್ಲಿ ಆರು ವರ್ಷ ಕೆಲಸ ಮಾಡಿದವನು. ಕೆಲಸ ನಡೆಯುವ ರೀತಿಯ ಬಗ್ಗೆ ತಾವು ಕೇಳಿದ್ದರಿಂದ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಅಮೆರಿಕದ ರಾಜ್ಯ ಶಾಸನಸಭೆಗಳಲ್ಲಿ ಬಹುಪಾಲು ಪೂರ್ಣಾವಧಿಯವಲ್ಲ. ಜನವರಿಯಲ್ಲಿ ಸೇರಿ ಬೇಸಿಗೆಯ ಹೊತ್ತಿಗೆ ಮುಗಿಸುವ ರಾಜ್ಯಗಳೇ ಹೆಚ್ಚು. ಟೆಕ್ಸಾಸ್ ಎರಡು ವರ್ಷಕ್ಕೊಮ್ಮೆ 140 ದಿನ ಮಾತ್ರ ಸೇರುತ್ತದೆ. ನ್ಯೂ ಹ್ಯಾಂಪ್‌ಷೈರ್‌ನ ಕೆಳಸದನದಲ್ಲಿ 400 ಸದಸ್ಯರಿದ್ದು, ಒಬ್ಬೊಬ್ಬರಿಗೂ ಸಿಗುವ ಸಂಬಳ ವರ್ಷಕ್ಕೆ 100 ಡಾಲರ್. ಇಂತಹ ಕಡೆ ಶಾಸಕರೆಂದರೆ ಹಗಲು ಬೇರೆ ವೃತ್ತಿಯಲ್ಲಿರುವ ರೈತರು, ವಿಮಾ ಏಜೆಂಟರು, ನಿವೃತ್ತ ಶಿಕ್ಷಕರು. ಅವರಿಗೆ ಸ್ವಂತ ಸಂಶೋಧನಾ ಸಿಬ್ಬಂದಿ ಇರುವುದಿಲ್ಲ, ಅಥವಾ ಇಬ್ಬರು ಮೂವರಿಗೆ ಸೇರಿ ಒಬ್ಬ ಸಹಾಯಕ ಇರುತ್ತಾನೆ. ಒಂದು ಅಧಿವೇಶನದಲ್ಲಿ ನೂರಾರು ಮಸೂದೆಗಳು ಅವರ ಕೈ ಹಾಯಬೇಕು. ಆ ಸ್ಥಿತಿಯಲ್ಲಿ, ವಕೀಲರು ಬರೆದು ನ್ಯಾಯಾಲಯದಲ್ಲಿ ವಾದಿಸಲೂ ಸಿದ್ಧರಿರುವ ಕರಡೊಂದು ಮೇಜಿನ ಮೇಲೆ ಬಂದರೆ ಅದಕ್ಕೆ ಎಷ್ಟು ಬೆಲೆಯಿರುತ್ತದೆ ಎಂಬುದನ್ನು ಊಹಿಸಿಕೊಳ್ಳಿ. ಅರಿಜೋನಾದ ‘ಅಲಯನ್ಸ್ ಡಿಫೆಂಡಿಂಗ್ ಫ್ರೀಡಂ’ ಎಂಬ ಸಂಪ್ರದಾಯವಾದಿ ಕ್ರೈಸ್ತ ವಕೀಲರ ಸಂಸ್ಥೆಯಂತಹವು ಮಾಡುವುದು ಇದನ್ನೇ. ತಾವು ಕಂಡ ಕ್ಯಾನ್ಸಸ್ ಪಠ್ಯವೂ ಅಂತಹದೇ ಮಾದರಿ ಕರಡಿನಿಂದ ಬಂದದ್ದು. ಅದನ್ನು ಪ್ರಚಾರಕ್ಕೆ ತಂದವರಲ್ಲಿ ‘ಇಂಡಿಪೆಂಡೆಂಟ್ ವಿಮೆನ್ಸ್ ವಾಯ್ಸ್’ ಎಂಬ ಸಂಪ್ರದಾಯವಾದಿ ಮಹಿಳಾ ಸಂಘಟನೆ ಪ್ರಮುಖವಾದದ್ದು.

ಕರಡು ಒಂದೇ ಆಗಿದ್ದರೂ ಪ್ರತಿ ರಾಜ್ಯದ ಸಂವಿಧಾನ ಬೇರೆ. ಮೊಂಟಾನಾ 2023ರಲ್ಲಿ ಮಾಡಿದ ಇಂತಹದೇ ಕಾನೂನನ್ನು ಮುಂದಿನ ವರ್ಷ ಅಲ್ಲಿನ ಜಿಲ್ಲಾ ನ್ಯಾಯಾಲಯ ರದ್ದುಪಡಿಸಿತು, ಏಕೆಂದರೆ ಮಸೂದೆಯ ಶೀರ್ಷಿಕೆಯಿಂದ ಅದರ ಉದ್ದೇಶ ಓದುಗರಿಗೆ ಸ್ಪಷ್ಟವಾಗಬೇಕೆಂಬ ಅಲ್ಲಿನ ಸಂವಿಧಾನದ ನಿಯಮವನ್ನು ಅದು ಪಾಲಿಸಿರಲಿಲ್ಲ.

ಹೆಚ್ಚು ಜನ ಗಮನಿಸದ ಮಾತೊಂದಿದೆ. ಇಂತಹ ಮಸೂದೆಗಳಿಗೆ ಸಾಮಾನ್ಯವಾಗಿ ಖಜಾನೆಯಿಂದ ಹಣ ಬೇಕಾಗುವುದಿಲ್ಲ. ರಸ್ತೆ, ಆಸ್ಪತ್ರೆ, ಶಿಕ್ಷಕರ ಸಂಬಳದ ಮಸೂದೆಗಳು ಹಣಕಾಸು ಸಮಿತಿಯ ಬಾಗಿಲಲ್ಲಿ ತಿಂಗಳುಗಟ್ಟಲೆ ಕಾಯುತ್ತವೆ. ‘ಗಣನೀಯ ವೆಚ್ಚವಿಲ್ಲ’ ಎಂದು ನಾವು ಬರೆದುಕೊಟ್ಟ ಹಾಳೆಯನ್ನು ಹಿಡಿದು ಇವು ನೇರವಾಗಿ ಸದನಕ್ಕೆ ಹೋಗುತ್ತವೆ. ಒಬ್ಬ ಹೊಸ ಶಾಸಕನಿಗೆ ತನ್ನ ಮತದಾರರ ಮುಂದೆ ತೋರಿಸಲು ಇದಕ್ಕಿಂತ ಬೇಗ ಕೈಗೂಡುವ ಕೆಲಸ ಮತ್ತೊಂದಿಲ್ಲ. ಅದರ ಮೇಲೆ ಅನೇಕ ಕ್ಷೇತ್ರಗಳಲ್ಲಿ ನವೆಂಬರ್‌ನ ಚುನಾವಣೆಗಿಂತ ಪಕ್ಷದೊಳಗಿನ ಪ್ರೈಮರಿ ಚುನಾವಣೆಯೇ ನಿರ್ಣಾಯಕ. ಪ್ರೈಮರಿಯಲ್ಲಿ ಮತ ಹಾಕುವವರು ಕೆಲವೇ ಸಾವಿರ ಮಂದಿ. ತಮ್ಮ ನೆರೆಯವರಂತಹ ಐವತ್ತು ಮಂದಿ ನಿರಂತರವಾಗಿ ಕರೆ ಮಾಡಿದರೆ, ಸಭೆಗೆ ಬಂದರೆ, ಪ್ರೈಮರಿಯಲ್ಲಿ ಮನೆಮನೆಗೆ ಹೋದರೆ, ಅದು ಸಣ್ಣ ಶಕ್ತಿಯಲ್ಲ. ಸಾಲುಗಳನ್ನು ಬರೆದವರು ಹೊರಗಿನವರಾಗಿರಬಹುದು. ಆ ಸಾಲುಗಳಿಗೆ ಮತ ಹಾಕದಿದ್ದರೆ ಸ್ಥಾನ ಹೋಗುತ್ತದೆಂಬ ಭಯವನ್ನು ಹುಟ್ಟಿಸಿದವರು ಊರಿನವರೇ.

ತಾಳ್ಮೆಯ ಬಗ್ಗೆಯೂ ಹೇಳಬೇಕು. ದಕ್ಷಿಣ ಡಕೋಟದ ಶಾಸನಸಭೆ 2016ರಲ್ಲಿ ಶಾಲಾ ಶೌಚಾಲಯಗಳ ಮಸೂದೆಯನ್ನು ಅಂಗೀಕರಿಸಿತು. ರಿಪಬ್ಲಿಕನ್ ಪಕ್ಷದವರೇ ಆದ ಗವರ್ನರ್ ಡೆನಿಸ್ ಡೌಗಾರ್ಡ್ ಅದಕ್ಕೆ ವೀಟೊ ಹಾಕಿದರು. ಆ ಮಸೂದೆಯನ್ನು ತಂದಿದ್ದ ಫ್ರೆಡ್ ಡಾಯ್ಚ್ ಎಂಬ ಶಾಸಕರೇ 2020ರಲ್ಲಿ ಅಪ್ರಾಪ್ತರ ಚಿಕಿತ್ಸೆಯ ಮೇಲೆ ಮತ್ತೊಂದು ಮಸೂದೆ ತಂದರು. ಅದು ಕೆಳಸದನವನ್ನು ದಾಟಿ ಸೆನೆಟ್ ಸಮಿತಿಯಲ್ಲಿ ಬಿದ್ದುಹೋಯಿತು. 2023ರ ಫೆಬ್ರುವರಿಯಲ್ಲಿ ಅದೇ ಉದ್ದೇಶದ ಕಾನೂನಿಗೆ ಗವರ್ನರ್ ಕ್ರಿಸ್ಟಿ ನೋಮ್ ಸಹಿ ಹಾಕಿದರು. ಏಳು ವರ್ಷಗಳಲ್ಲಿ ಎರಡು ಸೋಲುಗಳನ್ನು ಉಂಡು ಮೂರನೆಯ ಬಾರಿ ಗೆದ್ದ ಕಥೆಯಿದು.

ವೀಟೊ ಎಂದಾಗ ನೆನಪಾಯಿತು: ಅರ್ಕನ್ಸಾದ ಏಸಾ ಹಚಿನ್ಸನ್, ಯೂಟಾದ ಸ್ಪೆನ್ಸರ್ ಕಾಕ್ಸ್, ಇಂಡಿಯಾನಾದ ಎರಿಕ್ ಹಾಲ್ಕಂಬ್, ಒಹಾಯೊದ ಮೈಕ್ ಡಿವೈನ್, ಇವರೆಲ್ಲ ರಿಪಬ್ಲಿಕನ್ ಗವರ್ನರ್‌ಗಳು. ಇಂತಹ ಮಸೂದೆಗಳಿಗೆ ಇವರು ಹಾಕಿದ ವೀಟೊಗಳನ್ನೆಲ್ಲ ಅವರದೇ ಪಕ್ಷದ ಶಾಸಕರು ತಳ್ಳಿಹಾಕಿದರು. ಅರ್ಕನ್ಸಾದಲ್ಲಿ ಅದು ಮರುದಿನವೇ ಆಗಿಹೋಯಿತು, ಏಕೆಂದರೆ ಅಲ್ಲಿ ವೀಟೊ ಮುರಿಯಲು ಸಾಮಾನ್ಯ ಬಹುಮತವೇ ಸಾಕು. ಇಡೀ ರಾಜ್ಯದ ಮತ ಪಡೆದ ಗವರ್ನರ್‌ಗೆ ಕಾಣುವ ಜನತೆಯೂ ಒಂದು ಸಣ್ಣ ಕ್ಷೇತ್ರದ ಪ್ರೈಮರಿ ಮತ ಪಡೆದ ಶಾಸಕನಿಗೆ ಕಾಣುವ ಜನತೆಯೂ ಒಂದೇ ಅಲ್ಲ. ತಮ್ಮ ಪ್ರಶ್ನೆಯ ‘ಜನ’ ಯಾರು ಎಂಬುದು ಅಲ್ಲಿಯೇ ಕವಲೊಡೆಯುತ್ತದೆ.

ಉತ್ತರ 3: ಮಂದಾರ

ನಾನು ತಮ್ಮ ನೆರೆಯವರ ಪಕ್ಷದವಳು. ಈ ವೇದಿಕೆಯಲ್ಲಿ ಹಾಗೆ ಹೇಳುವವರು ಕಡಿಮೆ ಎಂದು ತಿಳಿದೂ ಬರೆಯುತ್ತಿದ್ದೇನೆ. ಮೂರು ವರ್ಷಗಳಿಂದ ನಮ್ಮ ಕೌಂಟಿಯ ಪೋಷಕರ ಗುಂಪಿನಲ್ಲಿ ಸಕ್ರಿಯಳಾಗಿದ್ದೇನೆ. ಶಾಲಾ ಮಂಡಳಿಯ ಸಭೆಗಳಲ್ಲಿ ರಾತ್ರಿ ಹನ್ನೊಂದರವರೆಗೆ ಸರದಿಗಾಗಿ ಕಾದಿದ್ದೇನೆ. ನಮಗೆ ಯಾರೂ ಹಣ ಕೊಡುವುದಿಲ್ಲ. ಪೆಟ್ರೋಲಿನ ಖರ್ಚೂ ನಮ್ಮದೇ.

ಕರಡನ್ನು ಬೇರೆಯವರು ಬರೆದರೆಂಬ ಕಾರಣಕ್ಕೆ ಚಳವಳಿ ನಮ್ಮದಲ್ಲವೆಂದು ಹೇಳುವುದು ನ್ಯಾಯವೇ? ಕಾರ್ಮಿಕ ಸಂಘಗಳೂ ಪರಿಸರ ಸಂಘಟನೆಗಳೂ ಮಾದರಿ ಮಸೂದೆಗಳನ್ನು ಒಯ್ಯುತ್ತವೆ. ಕಾನೂನಿನ ಭಾಷೆಯನ್ನು ಬರೆಯಲು ಬಾರದ ತಾಯಿಯೊಬ್ಬಳು ಬರೆಯಲು ಬಲ್ಲವರ ಸಹಾಯ ಪಡೆದರೆ ಆಕೆಯ ನೋವು ಬಾಡಿಗೆಯದಾಗುವುದಿಲ್ಲ. ನಮ್ಮಲ್ಲಿ ಬಹಳ ಮಂದಿ ಎಚ್ಚೆತ್ತದ್ದು 2020 ಮತ್ತು 2021ರಲ್ಲಿ. ಶಾಲೆಗಳು ಮುಚ್ಚಿದ್ದವು, ಮಕ್ಕಳು ಅಡುಗೆಮನೆಯ ಮೇಜಿನ ಮುಂದೆ ಕುಳಿತು ಪಾಠ ಕೇಳುತ್ತಿದ್ದರು, ಏನು ಕಲಿಸುತ್ತಿದ್ದಾರೆಂಬುದು ಮೊದಲ ಬಾರಿಗೆ ನಮ್ಮ ಕಿವಿಗೆ ಬಿತ್ತು. ಫ್ಲೋರಿಡಾದಲ್ಲಿ ‘ಮಾಮ್ಸ್ ಫಾರ್ ಲಿಬರ್ಟಿ’ ಎಂಬ ಪೋಷಕರ ಸಂಘಟನೆ ಆರಂಭವಾದದ್ದು 2021ರ ಜನವರಿಯಲ್ಲಿ. ಅದನ್ನು ಕಟ್ಟಿದ ಟಿಫನಿ ಜಸ್ಟಿಸ್ ಮತ್ತು ಟೀನಾ ಡೆಸ್ಕೊವಿಚ್ ಇಬ್ಬರೂ ಶಾಲಾ ಮಂಡಳಿಯ ಸದಸ್ಯರಾಗಿದ್ದವರು. ಮಾಸ್ಕ್‌ನ ವಿಷಯದಿಂದ ಆರಂಭವಾದದ್ದು ಪಠ್ಯಪುಸ್ತಕಕ್ಕೂ, ಅಲ್ಲಿಂದ ಲಿಂಗತ್ವ ಗುರುತಿನ ಪ್ರಶ್ನೆಗೂ ಬಂತು. ಮಗುವೊಂದು ಶಾಲೆಯಲ್ಲಿ ಬೇರೆ ಹೆಸರಿನಿಂದ, ಬೇರೆ ಸರ್ವನಾಮದಿಂದ ಕರೆಸಿಕೊಳ್ಳುತ್ತಿರುವುದನ್ನು ತಂದೆತಾಯಿಗೆ ತಿಳಿಸಬಾರದೆಂಬ ನಿಯಮವನ್ನು ಕೆಲವು ಶಾಲಾ ಆಡಳಿತಗಳು ಮಾಡಿಕೊಂಡಾಗ ನಮಗೆ ಆದ ಆಘಾತವನ್ನು ಯಾವ ಸಂಸ್ಥೆಯೂ ತಯಾರಿಸಿ ಕೊಡಲಿಲ್ಲ.

ಕ್ರೀಡೆಯ ಪ್ರಶ್ನೆಯೂ ಹಾಗೆಯೇ. 2022ರ ಮಾರ್ಚ್‌ನಲ್ಲಿ ಅಟ್ಲಾಂಟಾದಲ್ಲಿ ನಡೆದ ಕಾಲೇಜು ಈಜು ಸ್ಪರ್ಧೆಯಲ್ಲಿ ಟ್ರಾನ್ಸ್‌ಜೆಂಡರ್ ಸ್ಪರ್ಧಿ ಲಿಯಾ ಥಾಮಸ್ ಮಹಿಳೆಯರ 500 ಗಜದ ಫ್ರೀಸ್ಟೈಲ್ ಗೆದ್ದರು. 200 ಗಜದ ಸ್ಪರ್ಧೆಯಲ್ಲಿ ಅವರ ಜೊತೆ ಐದನೆಯ ಸ್ಥಾನವನ್ನು ಹಂಚಿಕೊಂಡ ರೈಲಿ ಗೇನ್ಸ್ ಆನಂತರ ರಾಜ್ಯದಿಂದ ರಾಜ್ಯಕ್ಕೆ ಹೋಗಿ ಸಮಿತಿಗಳ ಮುಂದೆ ಮಾತನಾಡಿದರು. ನನ್ನ ಮಗಳು ಓಟಗಾರ್ತಿ. ಹುಡುಗಿಯರಿಗೆಂದೇ ಪ್ರತ್ಯೇಕ ವಿಭಾಗವಿರುವುದು ದೇಹದ ವ್ಯತ್ಯಾಸದ ಕಾರಣದಿಂದ ಎಂದು ಹೇಳುವುದರಲ್ಲಿ ದ್ವೇಷವಿದೆಯೆಂದು ನನಗೆ ಅನಿಸುವುದಿಲ್ಲ. ಚಿಕಿತ್ಸೆಯ ವಿಷಯದಲ್ಲಿ ಫಿನ್ಲೆಂಡ್ 2020ರಲ್ಲಿ, ಸ್ವೀಡನ್ 2022ರಲ್ಲಿ ಎಚ್ಚರಿಕೆಯ ಕಡೆಗೆ ತಿರುಗಿದವು. ಇಂಗ್ಲೆಂಡ್‌ನಲ್ಲಿ ಹಿಲರಿ ಕ್ಯಾಸ್ ಅವರ 2024ರ ವರದಿ ಆಧಾರಗಳು ದುರ್ಬಲವಾಗಿವೆ ಎಂದಿತು. ಅಪ್ರಾಪ್ತರಿಗೆ ಈ ಚಿಕಿತ್ಸೆಯನ್ನು ನಿಷೇಧಿಸಿದ ಟೆನೆಸಿ ರಾಜ್ಯದ ಕಾನೂನನ್ನು 2025ರ ಜೂನ್ 18ರಂದು ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಎತ್ತಿಹಿಡಿಯಿತು. ನಾವು ಕೇಳುತ್ತಿರುವುದು ಮಕ್ಕಳು ದೊಡ್ಡವರಾಗುವವರೆಗೆ ಕಾಯಿರಿ ಎಂಬುದಷ್ಟೇ. ಶಾಲ್ಮಲಾ ಅವರೇ, ತಮ್ಮ ನೆರೆಯವರ ಜೊತೆ ಒಮ್ಮೆ ಹೋಗಿ ಬನ್ನಿ.

ಉತ್ತರ 4: ನೀಲಗಂಗಾ

ಮಂದಾರ ಅವರೇ, ತಮ್ಮ ಪ್ರಾಮಾಣಿಕತೆಯನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ‘ಮಕ್ಕಳು ದೊಡ್ಡವರಾಗುವವರೆಗೆ’ ಎಂಬ ಮಾತು ಉಳಿದಿಲ್ಲ. 2025ರ ಫೆಬ್ರುವರಿಯಲ್ಲಿ ಅಯೋವಾ ರಾಜ್ಯ ತನ್ನ ನಾಗರಿಕ ಹಕ್ಕುಗಳ ಕಾನೂನಿನಿಂದ ಲಿಂಗತ್ವ ಗುರುತಿನ ರಕ್ಷಣೆಯನ್ನೇ ತೆಗೆದುಹಾಕಿತು; 2007ರಲ್ಲಿ ಸೇರಿಸಿದ್ದ ಈ ರಕ್ಷಣೆಯನ್ನು ಹಿಂದಕ್ಕೆ ಪಡೆದ ಮೊದಲ ರಾಜ್ಯ ಅದು. ಬಾಡಿಗೆ ಮನೆ, ಉದ್ಯೋಗ, ಸಾಲ, ಇವೆಲ್ಲ ವಯಸ್ಕರ ಜೀವನದ ವಿಷಯಗಳು. ಶಾಲ್ಮಲಾ ಅವರ ಕೈಗೆ ಬಂದ ಮಸೂದೆಯೂ ಮಕ್ಕಳದಲ್ಲ. ಕ್ಯಾನ್ಸಸ್‌ನಲ್ಲಿ ಅಂತಹ ಕಾನೂನು ಬಂದ ಕೂಡಲೇ ಅಟಾರ್ನಿ ಜನರಲ್ ಕ್ರಿಸ್ ಕೋಬಾಕ್ ಚಾಲನಾ ಪರವಾನಗಿಯಲ್ಲಿನ ಲಿಂಗದ ನಮೂದನ್ನು ಬದಲಿಸದಂತೆ ತಡೆಯಲು ನ್ಯಾಯಾಲಯಕ್ಕೆ ಹೋದರು. ಗಡ್ಡವಿರುವ ನಲವತ್ತರ ಗಂಡಸೊಬ್ಬ ಪೊಲೀಸರಿಗೆ ‘ಸ್ತ್ರೀ’ ಎಂದು ಬರೆದ ಪರವಾನಗಿಯನ್ನು ತೋರಿಸಬೇಕಾದ ಸಂದರ್ಭವನ್ನು ಒಮ್ಮೆ ಕಲ್ಪಿಸಿಕೊಳ್ಳಿ.

ನನ್ನ ತಂಗಿಯ ಮಗನಿಗೆ ಈಗ ಹದಿನೇಳು ವರ್ಷ. ಹುಟ್ಟಿದಾಗ ಹೆಣ್ಣೆಂದು ಬರೆಸಿದ್ದರು. ಹನ್ನೆರಡನೆಯ ವಯಸ್ಸಿನಿಂದ ಅವನು ಅನುಭವಿಸಿದ್ದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವನದು. ಮನೋವೈದ್ಯರು, ಮಕ್ಕಳ ತಜ್ಞರು, ತಂದೆತಾಯಿ ಎಲ್ಲರೂ ಸೇರಿ ಎರಡು ವರ್ಷ ಯೋಚಿಸಿದ ನಂತರ ಚಿಕಿತ್ಸೆ ಆರಂಭವಾಯಿತು. ಎಂಟು ತಿಂಗಳಿಗೆ ಅವರ ರಾಜ್ಯದ ಕಾನೂನು ಅದನ್ನು ನಿಲ್ಲಿಸಿತು. ಈಗ ಮೂರು ತಿಂಗಳಿಗೊಮ್ಮೆ ಐದು ಗಂಟೆ ಕಾರಿನಲ್ಲಿ ಬೇರೆ ರಾಜ್ಯಕ್ಕೆ ಹೋಗಿ ಬರುತ್ತಾರೆ. ಮಸೂದೆಯ ಅಹವಾಲು ಸಭೆಗೆ ತಂಗಿಯೂ ಹೋಗಿದ್ದಳು. ಆರು ಗಂಟೆ ಕಾದ ಮೇಲೆ ಮಾತನಾಡಲು ಸಿಕ್ಕದ್ದು ಎರಡು ನಿಮಿಷ. ಅವಳು ಮಾತನಾಡುತ್ತಿದ್ದಾಗ ಸಮಿತಿಯ ಒಬ್ಬ ಸದಸ್ಯರು ಎದ್ದು ಹೊರಗೆ ಹೋದರು. ಅಂದು ರಾತ್ರಿ ದೂರವಾಣಿಯಲ್ಲಿ ಅವಳು ನನಗೆ ಕೇಳಿದ್ದು ಒಂದೇ ಮಾತು: ‘ಅಕ್ಕಾ, ನಾನು ಪೋಷಕಳಲ್ಲವೇ?’

ಅದೇ ನನ್ನ ಪ್ರಶ್ನೆಯೂ ಆಗಿದೆ. 2022ರಲ್ಲಿ ಫ್ಲೋರಿಡಾ ಮಾಡಿದ ಕಾನೂನಿನ ಹೆಸರೇ ಶಿಕ್ಷಣದಲ್ಲಿ ಪೋಷಕರ ಹಕ್ಕುಗಳ ಕಾಯಿದೆ. ಮಗುವಿನ ವಿಷಯದಲ್ಲಿ ಕೊನೆಯ ಮಾತು ತಂದೆತಾಯಿಯದು ಎಂದು ಶಾಲೆಯ ಮುಂದೆ ವಾದಿಸುವ ಚಳವಳಿ, ಅದೇ ತಂದೆತಾಯಿ ವೈದ್ಯರ ಮುಂದೆ ಕುಳಿತಾಗ ಕೊನೆಯ ಮಾತನ್ನು ಸರ್ಕಾರಕ್ಕೆ ಕೊಡುತ್ತದೆ. ಟೆನೆಸಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಶೀಲಿಸಿದ್ದು ಸಮಾನ ರಕ್ಷಣೆಯ ಪ್ರಶ್ನೆಯನ್ನು ಮಾತ್ರ. ಪೋಷಕರ ಹಕ್ಕಿನ ಪ್ರಶ್ನೆಯನ್ನು ಅದು ಎತ್ತಿಕೊಳ್ಳಲೇ ಇಲ್ಲ. ಸ್ವೀಡನ್ ಮತ್ತು ಫಿನ್ಲೆಂಡ್‌ಗಳಲ್ಲಿ ನಿರ್ಬಂಧ ಬಂದದ್ದು ಆರೋಗ್ಯ ಸಂಸ್ಥೆಗಳ ಮಾರ್ಗಸೂಚಿಯ ಮೂಲಕ, ಮತ್ತು ಅಲ್ಲಿ ಅಪವಾದಗಳಿಗೆ ಅವಕಾಶವಿದೆ. ಅಲಬಾಮಾದ 2022ರ ಕಾನೂನು ವೈದ್ಯರಿಗೆ 10 ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಹಾರ್ಮೋನ್ ತಜ್ಞರ ಸಂಘವಾದ ಎಂಡೊಕ್ರೈನ್ ಸೊಸೈಟಿಯೂ ಇಂತಹ ನಿಷೇಧಗಳನ್ನು ವಿರೋಧಿಸಿವೆ. ಎಚ್ಚರಿಕೆ ವಹಿಸುವುದಕ್ಕೂ ವೈದ್ಯರನ್ನು ಜೈಲಿಗೆ ಕಳುಹಿಸುವುದಕ್ಕೂ ಇರುವ ಅಂತರ ದೊಡ್ಡದು.

ಕ್ರೀಡೆಯ ಬಗ್ಗೆ ಒಂದೇ ಮಾತು. ಯೂಟಾದ ಗವರ್ನರ್ ಕಾಕ್ಸ್ 2022ರಲ್ಲಿ ವೀಟೊ ಹಾಕುವಾಗ ಬರೆದ ಪತ್ರದಲ್ಲಿ ಲೆಕ್ಕ ಕೊಟ್ಟಿದ್ದರು: ರಾಜ್ಯದ ಪ್ರೌಢಶಾಲಾ ಕ್ರೀಡೆಗಳಲ್ಲಿ 75,000 ಮಕ್ಕಳು, ಅವರಲ್ಲಿ ನಾಲ್ವರು ಟ್ರಾನ್ಸ್‌ಜೆಂಡರ್, ಹುಡುಗಿಯರ ತಂಡದಲ್ಲಿ ಆಡುತ್ತಿದ್ದವಳು ಒಬ್ಬಳು. ಆ ಒಬ್ಬಳಿಗಾಗಿ ಒಂದು ರಾಜ್ಯದ ಶಾಸನಸಭೆ ವೀಟೊ ಮುರಿಯಲು ಮತ್ತೆ ಸೇರಿತು.

ಉತ್ತರ 5: ಮಂದಾರ

ನೀಲಗಂಗಾ ಅವರೇ, ತಮ್ಮ ತಂಗಿ ಮಾತನಾಡುತ್ತಿದ್ದಾಗ ಸದಸ್ಯರೊಬ್ಬರು ಎದ್ದು ಹೋದದ್ದು ತಪ್ಪು. ನಮ್ಮ ಕಡೆಯವರು ಮಾತನಾಡುವಾಗಲೂ ಹಾಗೆ ಆದದ್ದನ್ನು ಕಂಡಿದ್ದೇನೆ, ಆದರೂ ತಪ್ಪು ತಪ್ಪೇ. ಪೋಷಕರ ಹಕ್ಕಿನ ಬಗ್ಗೆ ತಾವು ಎತ್ತಿದ ಪ್ರಶ್ನೆ ನಮ್ಮ ಗುಂಪಿನಲ್ಲಿಯೂ ಎದ್ದಿತ್ತು. ಮರಳಿ ಸರಿಪಡಿಸಲಾಗದ ಚಿಕಿತ್ಸೆಯಿಂದ ಮಗುವನ್ನು ಕಾಯುವುದು ಸರ್ಕಾರದ ಕರ್ತವ್ಯವೆಂದು ಹೆಚ್ಚಿನವರು ಹೇಳಿದರು. ನಾನೂ ಹಾಗೆಯೇ ಮತ ಹಾಕುತ್ತೇನೆ. ಅಯೋವಾದ ವಿಷಯದಲ್ಲಿ ಮಾತ್ರ ತಮ್ಮ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಒಬ್ಬರನ್ನು ಬಾಡಿಗೆ ಮನೆಯಿಂದ ಹೊರಹಾಕಲು ನಾನು ಶಾಲಾ ಮಂಡಳಿಯ ಸಭೆಗಳಲ್ಲಿ ಕೂರಲಿಲ್ಲ.

ಉತ್ತರ 6: ಹಳೆಯ ಕಡತ

ಮಂದಾರ ಅವರ ಕೊನೆಯ ವಾಕ್ಯವನ್ನು ಎರಡು ಬಾರಿ ಓದಿದೆ. ಚಳವಳಿಯಲ್ಲಿ ಸೇರಿದ ಸಾಮಾನ್ಯರು ಒಂದು ಕಾರಣಕ್ಕೆ ಬರುತ್ತಾರೆ, ಕರಡು ಸಿದ್ಧಪಡಿಸುವವರಿಗೆ ಮುಂದಿನ ನಾಲ್ಕು ಹೆಜ್ಜೆಗಳ ಯೋಜನೆ ಇರುತ್ತದೆ. ತಳಮಟ್ಟದವರಿಗೆ ಬೇಡವೆನ್ನುವ ಶಕ್ತಿಯೂ ಇದೆ ಎಂಬುದನ್ನು ಮರೆಯಬಾರದು. 2018ರಲ್ಲಿ ಮ್ಯಾಸಚೂಸೆಟ್ಸ್‌ನ ಮತದಾರರ ಮುಂದೆ ಟ್ರಾನ್ಸ್‌ಜೆಂಡರ್ ಜನರ ರಕ್ಷಣೆಯ ಕಾನೂನನ್ನು ಉಳಿಸಬೇಕೇ ಎಂಬ ಪ್ರಶ್ನೆಯನ್ನು ಇಟ್ಟಾಗ ಮೂರನೆಯ ಎರಡರಷ್ಟು ಜನ ಉಳಿಸಿ ಎಂದರು. ಅಲಾಸ್ಕಾದ ಆಂಕರೇಜ್ ನಗರದಲ್ಲಿಯೂ ಅದೇ ವರ್ಷ ಶೌಚಾಲಯ ನಿರ್ಬಂಧದ ಪ್ರಸ್ತಾವ ಬಿದ್ದುಹೋಯಿತು. ನೆಬ್ರಾಸ್ಕದಲ್ಲಿ 2023ರಲ್ಲಿ ಮಖೇಲಾ ಕ್ಯಾವನಾ ಎಂಬ ಒಬ್ಬ ಸೆನೆಟರ್ ವಾರಗಟ್ಟಲೆ ಪ್ರತಿಯೊಂದು ಮಸೂದೆಯ ಮೇಲೂ ಗಂಟೆಗಟ್ಟಲೆ ಮಾತನಾಡಿ 49 ಸದಸ್ಯರ ಇಡೀ ಸದನವನ್ನು ನಿಧಾನಗೊಳಿಸಿದರು. ಅಪ್ರಾಪ್ತರ ಚಿಕಿತ್ಸೆಯನ್ನು ನಿರ್ಬಂಧಿಸುವ ಮಸೂದೆಯನ್ನು ತಡೆಯುವುದು ಅವರ ಉದ್ದೇಶವಾಗಿತ್ತು. ಕೊನೆಗೆ ಅದನ್ನು ತಡೆಯಲು ಆಗಲಿಲ್ಲ, ಆದರೆ ಅದು ಮೊದಲಿನ ರೂಪದಲ್ಲಿಯೂ ಉಳಿಯಲಿಲ್ಲ.

ಪ್ರಶ್ನೆ ಕೇಳಿದವರಿಂದ: ಶಾಲ್ಮಲಾ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ನೆರೆಯವರ ಮನೆಗೆ ಹೋಗಿ ಎರಡೂ ಪಠ್ಯಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದೆ. ಮಸೂದೆಯ ಪೂರ್ಣ ಪಠ್ಯವನ್ನು ಅವರು ಓದಿರಲಿಲ್ಲ. ಓದಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದರು. ಶಾಲೆಯ ಬಟ್ಟೆ ಬದಲಿಸುವ ಕೋಣೆಗಳ ವಿಷಯವೆಂದು ಅವರಿಗೆ ಹೇಳಲಾಗಿತ್ತಂತೆ, ಚಾಲನಾ ಪರವಾನಗಿಯ ಮಾತು ಯಾರ ಬಾಯಿಯಿಂದಲೂ ಬಂದಿರಲಿಲ್ಲ. ಅವರು ಈಗಲೂ ಮಸೂದೆಯ ಪರವಾಗಿಯೇ ಇದ್ದಾರೆ. ಆದರೆ ಆ ನಾಲ್ಕು ಸಿದ್ಧ ವಾಕ್ಯಗಳನ್ನು ಹೇಳದೆ ತಮ್ಮ ಮಾತಿನಲ್ಲಿಯೇ ಹೇಳುವುದಾಗಿಯೂ, ಪರವಾನಗಿಯ ವಿಷಯದಲ್ಲಿ ಸಮಿತಿಗೆ ಒಂದು ಪ್ರಶ್ನೆ ಕೇಳುವುದಾಗಿಯೂ ಹೇಳಿದರು. ಅವರ ಕಾರಿನಲ್ಲಿಯೇ ನಾನೂ ಹೋಗುತ್ತಿದ್ದೇನೆ. ಅವರಿಗೆ ವಿರುದ್ಧವಾಗಿ ಮಾತನಾಡುವ ಧೈರ್ಯ ನನಗೆ ಬರುತ್ತದೆಯೋ ಇಲ್ಲವೋ ತಿಳಿಯದು. ಎದ್ದು ನಿಂತು ಮಾತನಾಡದೆ ಬರಹದಲ್ಲಿ ಅಭಿಪ್ರಾಯ ಸಲ್ಲಿಸಲು ಸಾಧ್ಯವೇ, ಸಮಿತಿ ಕೊಠಡಿಯವರು ದಯವಿಟ್ಟು ತಿಳಿಸಬೇಕು.

ಉತ್ತರ 7: ಸಮಿತಿ ಕೊಠಡಿ

ಸಾಧ್ಯ. ಸಮಿತಿಯ ಅಧ್ಯಕ್ಷರ ಕಚೇರಿಗೆ ಇಮೇಲ್ ಮೂಲಕ ಕಳುಹಿಸಬಹುದು. ಹಲವು ರಾಜ್ಯಗಳಲ್ಲಿ ಸಭೆಗೆ 24 ಗಂಟೆ ಮೊದಲೇ ತಲುಪಬೇಕೆಂಬ ನಿಯಮವಿರುವುದರಿಂದ ಸಮಿತಿಯ ಜಾಲತಾಣದಲ್ಲಿ ಗಡುವನ್ನು ಇಂದೇ ನೋಡಿಕೊಳ್ಳಿ. ಒಂದು ಪುಟಕ್ಕಿಂತ ಹೆಚ್ಚು ಬರೆಯಬೇಡಿ, ಮಸೂದೆಯ ಸಂಖ್ಯೆಯನ್ನು ಮೊದಲ ಸಾಲಿನಲ್ಲಿಯೇ ಹಾಕಿ, ತಮ್ಮ ಕ್ಷೇತ್ರ ಯಾವುದೆಂದು ಮರೆಯದೆ ತಿಳಿಸಿ. ಸಮಿತಿಯ ಸದಸ್ಯರೊಬ್ಬರು ತಮ್ಮ ಕ್ಷೇತ್ರದವರೇ ಆಗಿದ್ದರೆ ಆ ಪುಟವನ್ನು ಅವರ ಸಹಾಯಕರು ಎತ್ತಿ ಬೇರೆಯಾಗಿ ಇಡುತ್ತಾರೆ. ಸಲ್ಲಿಸುವಾಗ ತಾವು ಮಸೂದೆಯ ಪರವೋ ವಿರೋಧವೋ ಎಂದು ಗುರುತು ಹಾಕಬೇಕಾಗುತ್ತದೆ. ಒಹಾಯೊದಂತಹ ಕೆಲವು ರಾಜ್ಯಗಳಲ್ಲಿ ‘ಆಸಕ್ತ ವ್ಯಕ್ತಿ’ ಎಂಬ ಮೂರನೆಯ ವರ್ಗವೂ ಇದೆ. ಅದರ ಅಡಿಯಲ್ಲಿ ಬರುವ ಪುಟಗಳು ಬಹಳ ಕಡಿಮೆಯಾದ್ದರಿಂದ ನಾನು ಕೆಲಸದಲ್ಲಿದ್ದಾಗ ಅವನ್ನು ಪೂರ್ತಿಯಾಗಿ ಓದುತ್ತಿದ್ದೆ.